ಗುಡುಗಿಗೂ ಮಳೆಗೂ ನಡುವೆ ಒಂದು ಹೊರೆ ಸೊಪ್ಪು

ಏಪ್ರಿಲ್ ಕೊನೆಯ ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಸ್ಥಳ, ಬೆಸಗರಹಳ್ಳಿ ಹತ್ತಿರದ ನನ್ನ ತಂಗಿಯ ಮನೆ. ಹಾಜರಿದ್ದವರು ನಾನು, ತಂಗಿ ಮತ್ತು ಅವಳ ಅತ್ತೆ. ಆ ಹಿರಿಯರನ್ನು ನಾವಿಬ್ಬರೂ ಅವ್ವ ಎಂದೇ ಕರೆಯುವುದು. ತಂಗಿಯ ಗಂಡ ಮದುವೆಯೊಂದಕ್ಕೆಂದು ಮಳವಳ್ಳಿಗೆ ಹೋಗಿದ್ದರು. ಪಕ್ಕದ ಹುಳದ ಮನೆಯ ರೇಷ್ಮೆ ಹುಳುಗಳನ್ನೂ ಸೇರಿಸಿದರೆ ಹಾಜರಿ ಕೂಗಿ ಮುಗಿಯುವುದಿಲ್ಲ.

ನಾನು ಮಂಡ್ಯದ ಗುತ್ತಲಿನವಳು, ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿದ್ದು ನಿವೃತ್ತಳಾದೆ. ಬೆಳಗಿನ ಐದಕ್ಕೆ ಏಳುವುದನ್ನೂ ಪರ್ಸಿನಲ್ಲಿ ಸೀಟಿ ಇಟ್ಟುಕೊಳ್ಳುವುದನ್ನೂ ಇನ್ನೂ ಬಿಟ್ಟಿಲ್ಲ. ತಂಗಿಯ ಮನೆ ನನಗೆ ಒಗ್ಗುತ್ತದೆ. ಕಾರಣ, ರೇಷ್ಮೆ ಹುಳು ನನಗಿಂತ ಶಿಸ್ತಿನದು. ಹೊತ್ತಿಗೆ ಸರಿಯಾಗಿ ಅದಕ್ಕೆ ಹಿಪ್ಪುನೇರಳೆ ಸೊಪ್ಪು ಬೀಳಬೇಕು. ಹುಳು ತಿನ್ನುವುದನ್ನು ಬಿಟ್ಟು ಪೊರೆ ಕಳಚಲು ಮಲಗುವುದನ್ನು ಇಲ್ಲಿ ಜ್ವರ ಎನ್ನುತ್ತಾರೆ. ಕೊನೆಯದಾದ ನಾಲ್ಕನೇ ಜ್ವರ ಎದ್ದ ಮೇಲೆ ಅದರ ಹಸಿವು ಹೇಳತೀರದು. ಆದರೆ ಮಳೆಯಲ್ಲಿ ನೆನೆದ ಸೊಪ್ಪು ಆಗದು. ತಿಂದ ಹುಳು ರೋಗ ಹಿಡಿದು ಹೋಗುತ್ತದೆ.

ಅದಕ್ಕೇ ಈ ಕಡೆ ಒಂದು ಅಭ್ಯಾಸವಿದೆ. ಬೇರೆ ಊರುಗಳಲ್ಲಿ ಗುಡುಗಿದರೆ ಜನ ಹೊಲದಿಂದ ಮನೆಗೆ ಓಡುತ್ತಾರೆ. ಹುಳು ಸಾಕಿದ ಮನೆಯವರು ಮನೆಯಿಂದ ಹೊಲಕ್ಕೆ ಓಡುತ್ತಾರೆ, ಹನಿ ಬೀಳುವ ಮೊದಲೇ ಒಂದು ಹೊರೆ ನೆನೆಯದ ಸೊಪ್ಪು ತರಲು.

ಆ ದಿನ ಮೊದಲ ಗುಡುಗು ಕೇಳಿಸಿದ ಕೂಡಲೇ ನಾನು ಟೀವಿ, ಫ್ರಿಜ್ಜುಗಳ ಪ್ಲಗ್ಗು ಕಿತ್ತೆ. ಚಾರ್ಜಿಗೆ ಹಾಕಿದ್ದ ಫೋನನ್ನೂ ಬಿಡಿಸಿದೆ. ತಿರುಗಿ ನೋಡಿದರೆ ತಂಗಿ ಇಲ್ಲ. ಗೋಡೆಯ ಮೊಳೆಯಲ್ಲಿ ಕುಡುಗೋಲೂ ಇಲ್ಲ.

"ಅವ್ವ, ಇವ್ಳೆಲ್ಲಿ?"

"ಸೊಪ್ಪಿಗೋದ್ಲು ಕಣಮ್ಮ. ನಾಲ್ಕನೇ ಜ್ವರ ಎದ್ದವೆ, ಹೊಟ್ಟೆಗಾಕ್ಬೇಡ್ವಾ?"

"ಗುಡುಗ್ತಾ ಇದೆಯಲ್ಲವ್ವ!"

"ಗುಡುಗು ಎಲ್ಲೋ ಮಳವಳ್ಳಿ ಕಡೀಕೈತೆ. ಇನ್ನೂ ಒಂದು ಅನೀನೂ ಬಿದ್ದಿಲ್ಲ, ಸಿಡ್ಲೆಲ್ಲಿ ಬಂದದು?"

ಎಡವಟ್ಟಾಗುವುದೇ ಇಲ್ಲಿ. ಸಿಡಿಲು ಮಳೆಯ ಜೊತೆಗೇ ಬರಬೇಕೆಂದೇನೂ ಇಲ್ಲ. ಹನಿ ಬೀಳದ ಕಡೆಯೂ ಅದು ಬೀಳುತ್ತದೆ. ಗುಡುಗು ಕಿವಿಗೆ ಕೇಳಿಸಿತು ಎಂದರೆ ನಾವು ಸಿಡಿಲಿನ ಕೈಗೆಟಕುವಷ್ಟು ದೂರದಲ್ಲಿದ್ದೇವೆ ಎಂದೇ ತಿಳಿಯಬೇಕು. ಶಾಲೆಯ ಬಯಲಿನಲ್ಲಿ ನಾನು ಪಾಲಿಸುತ್ತಿದ್ದ ನಿಯಮ ಅದೊಂದೇ. ಮೊದಲ ಗುಡುಗಿಗೆ ಒಂದು ಉದ್ದನೆಯ ಸೀಟಿ. ಆಟ ಎಷ್ಟೇ ಬಿಸಿಯಲ್ಲಿರಲಿ, ಎಲ್ಲರೂ ಕಟ್ಟಡದ ಒಳಗೆ. ಮರದ ಕೆಳಗೆ ಯಾರೂ ನಿಲ್ಲುವಂತಿರಲಿಲ್ಲ.

ಹಿತ್ತಿಲ ಬಾಗಿಲಿಗೆ ಬಂದು ನೋಡಿದೆ. ಹಿಪ್ಪುನೇರಳೆ ತೋಟ ಮನೆಯ ಹಿಂದೆಯೇ ಇದೆ. ಅದರಾಚೆ ಬದುವಿನ ಮೇಲೆ ಒಂದೇ ಒಂದು ಹುಣಸೆ ಮರ. ತಂಗಿ ಹೊರೆ ಕಟ್ಟಿ ತಲೆಯ ಮೇಲೆ ಏರಿಸಿದ್ದಳು. ಅಷ್ಟರಲ್ಲಿ ದಪ್ಪ ಹನಿ ಬೀಳಲು ಶುರುವಾಯಿತು. ಸೊಪ್ಪು ನೆನೆಯಬಾರದೆಂದು ಅವಳು ಮನೆಯ ಕಡೆಗೆ ಬೆನ್ನು ಮಾಡಿ ಹುಣಸೆ ಮರದತ್ತ ನಡೆದಳು.

ಕೂಗಿದರೆ ಗಾಳಿಯಲ್ಲಿ ಕೇಳಿಸುತ್ತಿರಲಿಲ್ಲ. ಸೀಟಿ ತೆಗೆದು ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಊದಿದೆ.

ನಾನು ಕೆಲಸಕ್ಕೆ ಸೇರಿದ ವರ್ಷ ತಂಗಿ ಅದೇ ಶಾಲೆಯಲ್ಲಿ ಎಂಟನೇ ತರಗತಿ. ಉಳಿದವರಿಗಿಂತ ಅವಳಿಗೇ ಹೆಚ್ಚು ಬೈದಿದ್ದೇನೆ, ಅಕ್ಕ ಅಂತ ಸಲುಗೆ ಬೆಳೆಯಬಾರದಲ್ಲ. ಅದು ಈಗ ಉಪಯೋಗಕ್ಕೆ ಬಂತು. ಮೊಮ್ಮಕ್ಕಳಿರುವ ಹೆಂಗಸು ನಿಂತಲ್ಲೇ ತಿರುಗಿ ಮನೆಯತ್ತ ಓಡತೊಡಗಿದಳು. ಓಡಿದ್ದು ಸರಿ, ಕೂಗು ಕೇಳಿಸುವಷ್ಟು ಹತ್ತಿರ ಬಂದರೂ ತಲೆಯ ಮೇಲೆ ಹೊರೆ ಹಾಗೇ ಇತ್ತು.

"ಹೊರೆ ಬಿಸಾಕೇ! ಕುಡುಗೋಲೂ ಬಿಸಾಕು!"

ಕುಡುಗೋಲು ಬಿಸಾಕಿದಳು. ಹೊರೆ ಬಿಡಲಿಲ್ಲ. ಆಗ ಕಣ್ಣಿಗೆ ಕತ್ತಲೆ ಬರುವಂಥ ಒಂದು ಬೆಳಕು, ಅದರ ಬೆನ್ನಿಗೇ ಕಿವಿ ಗುಂಯ್ ಎನ್ನುವ ಸದ್ದು. ಹೊರೆ ತೋಟದಲ್ಲಿ ಉರುಳಿತು. ತಂಗಿ ನನ್ನನ್ನು ತಳ್ಳಿಕೊಂಡೇ ಒಳಗೆ ಬಂದು ಬಿದ್ದಳು. ಕರೆಂಟೂ ಹೋಯಿತು.

ಮೂವರೂ ಒಳಗಾದೆವು ಎಂದು ನಾನು ಬಾಗಿಲು ಹಾಕುವಷ್ಟರಲ್ಲಿ ಅವ್ವ ಮೂಲೆಯಿಂದ ಹಾರೆ ಎಳೆದುಕೊಂಡು ಹೊರಟರು. ಅಂಗಳಕ್ಕೆ ಕಬ್ಬಿಣ ಎಸೆದರೆ ಸಿಡಿಲು ಮನೆಯತ್ತ ತಿರುಗುವುದಿಲ್ಲ ಎಂಬುದು ಅವರ ನಂಬಿಕೆ.

"ಹಾರೆ ಕಂಡು ಸಿಡಿಲು ದಾರಿ ಬದಲಾಯ್ಸಲ್ಲ ಅವ್ವ. ಎಸೆಯೋಕೆ ಅಂಗಳಕ್ಕೆ ಇಳಿದ್ರಲ್ಲ, ಆಗ ಕಷ್ಟ."

"ಏನೂ ಮಾಡ್ದೆ ಸುಮ್ಕೆ ಕೂತ್ಕಂಡ್ರೆ ನನ್ ಜೀವ ಒಪ್ಪಲ್ಲ ಕಣ್ ಮೇಷ್ಟ್ರಮ್ಮ."

"ಗುಡುಗಿದಾಗ ಹೇಳೋ ಅರ್ಜುನನ ಹೆಸರು ಹೇಳಿ. ಒಳಗೆ ಕೂತು ಹೇಳಿದ್ರೂ ಅವನಿಗೆ ಕೇಳಿಸುತ್ತೆ."

"ಅಂಗಾರೆ ನೀನೂ ಯೋಳು."

ಗೋಡೆಗೆ ಒರಗದೆ, ಕಿಟಕಿಯಿಂದ ದೂರ, ನಡುಮನೆಯ ಮಧ್ಯೆ ಚಾಪೆ ಹಾಕಿ ಕೂತೆವು. ಅರ್ಜುನ, ಪಾರ್ಥ, ಕಿರೀಟಿ ಎಂದು ನಾನೂ ಹೇಳಿದೆ. ಅದರಿಂದ ಕೆಡುಕೇನೂ ಇಲ್ಲ.

ತಂಗಿಗೆ ಮಾತ್ರ ಹುಳದ್ದೇ ಚಿಂತೆ. "ತಲೆ ಎತ್ಕಂಡು ಕಾಯ್ತಾ ಇರ್ತವೆ ಕಣಕ್ಕ. ಬೆಳೆ ಹೋದ್ರೆ ನೀನ್ ಕಟ್ಕೊಡ್ತೀಯಾ?"

"ನೀನು ಹೋದ್ರೆ ಯಾರು ಕಟ್ಕೊಡ್ತಾರೇ?"

ತಂಗಿ ಪಾತ್ರೆಯನ್ನಾದರೂ ತೊಳೆಯೋಣವೆಂದು ಎದ್ದಳು. ಕಬ್ಬಿಣದ ಪೈಪಿನ ನಲ್ಲಿ, ಸಿಡಿಲು ಅದರಲ್ಲೂ ಹರಿದು ಬರುತ್ತೆ, ಮುಟ್ಟಬೇಡ ಎಂದೆ.

"ಪಾತ್ರೇನೂ ಬ್ಯಾಡ್ವಾ? ಮದ್ವೆಯಾದಾಗ್ಲಿಂದ ಸಿಗ್ದಿದ್ ರಜಾನ ಸಿಡ್ಲು ಕೊಡ್ತು ಬುಡು."

ಕೊನೆಯ ಗುಡುಗಾದ ಮೇಲೆ ಅರ್ಧ ಗಂಟೆ ಹೊರಗೆ ಕಾಲಿಡಬಾರದು ಎಂದು ಹೇಳಿ ಗಡಿಯಾರ ತೋರಿಸಿದೆ. ಅವ್ವನಿಗೆ ಈ ಆಟ ಹಿಡಿಸಿತು. ದೂರದಲ್ಲಿ ಚೂರು ಗುರುಗುಟ್ಟಿದರೂ ಸಾಕು, "ಇನ್ನೊಂದ್ ಗುಡುಗ್ತು, ಮತ್ತೆ ಮೊದ್ಲಿಂದ!" ಎಂದು ಕೂಗುತ್ತಿದ್ದರು. ತಂಗಿ ಅತ್ತೆಯನ್ನೂ ಗಡಿಯಾರವನ್ನೂ ಒಂದೇ ರೀತಿ ದುರುಗುಟ್ಟಿ ನೋಡುತ್ತಿದ್ದಳು.

ಹೊರಗೆ ಹೋಗುವಾಗ ಸಂಜೆ ಬಿಸಿಲು ಬಿದ್ದಿತ್ತು. ಹೊರೆಯನ್ನು ಒಳಗೆ ತಂದು ಬಿಚ್ಚಿದೆವು. ಮೇಲಿನ ಕಡ್ಡಿಗಳು ತೊಯ್ದು ತೊಪ್ಪೆಯಾಗಿದ್ದವು. ತಂಗಿ ಬಿಗಿಯಾಗಿ ಕಟ್ಟಿದ್ದರಿಂದ ನಡುವಿನ ಸೊಪ್ಪು ಮಾತ್ರ ನೆನೆಯದೆ ಉಳಿದಿತ್ತು. ಅವಳ ಮುಖ ಅರಳಿದ್ದು ಆಗಲೇ. ನೆನೆಯದ ಸೊಪ್ಪನ್ನು ಮೊದಲು ಹುಳುವಿಗೆ ಹಾಕಿದಳು. ಉಳಿದದ್ದನ್ನು ಕೊಡವಿ, ಹಳೆ ಪಂಚೆ, ಹಳೆ ಸೀರೆಗಳ ಮೇಲೆ ಹರವಿ, ಮೂವರೂ ಕೂತು ಒರೆಸಿದೆವು. ಅವ್ವ ಎರಡು ಎಲೆ ಒರೆಸಿ ಮೂರನೆಯದನ್ನು ಕೈಯಲ್ಲಿ ಹಿಡಿದು ಮಾತಿಗಿಳಿಯುತ್ತಿದ್ದರು.

"ನೋಡಕ್ಕ," ಎಂದಳು ತಂಗಿ, "ನಿನ್ ಹುಣ್ಸೆ ಮರಕ್ಕೆ ಏನೂ ಆಗಿಲ್ಲ. ಸುಮ್ನೆ ಓಡಿಸ್ದೆ."

"ಮರಾನೂ ಇದೆ, ನೀನೂ ಇದ್ದೀಯ. ಒರೆಸು."

ನಕ್ಕಳು. ಒರೆಸುತ್ತಲೇ ಒಂದು ಒಪ್ಪಂದಕ್ಕೂ ಬಂದೆವು. ಈ ಗುಡುಗಿನ ತಿಂಗಳುಗಳು ಮುಗಿಯುವವರೆಗೆ ಮಧ್ಯಾಹ್ನದ ಸೊಪ್ಪನ್ನೂ ಬೆಳಿಗ್ಗೆಯೇ ಕೊಯ್ದು, ಬಾಡದ ಹಾಗೆ ನೆರಳಲ್ಲಿ ಒದ್ದೆ ಗೋಣಿಚೀಲ ಹೊದಿಸಿ ಇಡುವುದು. ಬೆಳಿಗ್ಗೆ ಇನ್ನೊಂದು ಗಂಟೆ ಬೇಗ ಏಳಬೇಕಾಗುತ್ತದೆ ಎಂದು ಗೊಣಗಿದಳು. ಫೋನ್ ಮಾಡಿ ಎಬ್ಬಿಸುತ್ತೇನೆ ಎಂದೆ. ಸೀಟಿ ಮಾತ್ರ ಊದಬೇಡ ಎಂದಳು.

ದೀಪ ಹಚ್ಚುವ ಹೊತ್ತಿಗೆ ಕೊನೆಯ ಕಡ್ಡಿಯೂ ಹುಳದ ಮೇಲೆ ಬಿತ್ತು. ಹುಳದ ಮನೆಯ ತುಂಬ ಸರಸರ ಮೇಯುವ ಸದ್ದು. ನಾನು ಪಂಚೆ, ಸೀರೆಗಳನ್ನು ಹಿಂಡಿ ಹಗ್ಗಕ್ಕೆ ಹಾಕಿದೆ, ಹಾರೆಯನ್ನು ಮೂಲೆಗೆ ಒರಗಿಸಿದೆ. ತೋಟದಲ್ಲಿ ಹುಡುಕಿ ತಂದ ಕುಡುಗೋಲಿನ ಕೆಸರು ಒರೆಸಿ ಮೊಳೆಗೆ ತಗುಲಿಹಾಕಿದೆ.