ಕುರಿಯ ಹಲ್ಲು ನೋಡಿದ ಸುಡಾನಿನವನು

ಕುರಿಯ ಹಲ್ಲು ನೋಡಿದ್ದೇ ಅವನ ತಪ್ಪು. ಅಷ್ಟಕ್ಕೇ ಅವನ ಕಾಲರಿಗೆ ಕೈ ಬಿತ್ತು.

ಕಳೆದ ಮಂಗಳವಾರ ವಿಜಯಪುರಕ್ಕೆ ಹೊರಟಿದ್ದ ನಮ್ಮ ಬಸ್ಸು ಮುಚ್ಚಂಡಿ ದಾಟಿದ ಮೇಲೆ ಪಂಕ್ಚರ್ ಆಯಿತು. ಎಲ್ಲರೂ ಇಳಿದೆವು. ನನ್ನ ಪಕ್ಕದ ಸೀಟಿನ ಇದ್ರೀಸನೂ ಇಳಿದ. ಸುಡಾನಿನ ಹುಡುಗ. ಭಾರತ ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲಿ ಸಾಂಗಲಿಯಲ್ಲಿ ಫಾರ್ಮಸಿ ಓದುತ್ತಾನೆ. (ನಾನು ಗಡಿಯಾಚೆ ಮಹಾರಾಷ್ಟ್ರಕ್ಕೆ ಸೇರಿದ ನಮ್ಮ ಜತ್ತದಲ್ಲಿ ಹತ್ತಿದಾಗ ಬಸ್ಸಿನಲ್ಲಿ ಹನ್ನೊಂದು ಜನ ನಿಂತಿದ್ದರು. ಅವನ ಪಕ್ಕದ ಸೀಟು ಮಾತ್ರ ಖಾಲಿ. ಯಾಕೆ?)

ರಸ್ತೆಯ ಪಕ್ಕ ಭೀಮವ್ವ ಎಂಬಾಕೆಯ ಕುರಿಗಳು ಮೇಯುತ್ತಿದ್ದವು. ಇದ್ರೀಸ ನೆಟ್ಟಗೆ ಹಿಂಡಿನೊಳಗೆ ನಡೆದ. ಒಂದು ಕುರಿ ಹಿಡಿದು, ಮೊಣಕಾಲಿಗೆ ಒರಗಿಸಿಕೊಂಡು, ತುಟಿ ಸರಿಸಿ ಹಲ್ಲು ನೋಡಿದ. ನಮ್ಮ ಕಡೆ ಹಾಗೆ ನೋಡುವವರು ಇಬ್ಬರೇ. ಕೊಳ್ಳುವವರು, ಇಲ್ಲವೆ ಕದಿಯಲು ಹೊಂಚು ಹಾಕುವವರು.

"ಏ, ಕುರಿಕಳ್ಳ ಬಂದಾನ!" ಬೈಕಿನವನೊಬ್ಬ ಕೂಗಿದ. ಮತ್ತೆ ಮೂರು ಬೈಕು ನಿಂತವು. ಕೂಗಿದವನೇ ಕಾಲರ್ ಹಿಡಿದ. "ಆಧಾರ್ ಕಾರ್ಡ್ ತಗೀಲೇ!"

ಇದ್ರೀಸ ಪಾಸ್‌ಪೋರ್ಟ್ ತೆಗೆದ. ಇಂಗ್ಲಿಷಿನಲ್ಲಿ ಕೇಳಿದ: "ನಿಮ್ಮ ಸರ್ಕಾರವೇ ಪತ್ರ ಬರೆದು ನನ್ನನ್ನು ಕರೆಸಿದೆ. ನಿಮಗೆ ತಿಳಿಸಲಿಲ್ಲವೆ?"

ಅಲ್ಲಿ ಇಂಗ್ಲಿಷ್ ತಿಳಿದವನು ಶಾಲೆಯ ಮಾಸ್ತರನಾದ ನಾನೊಬ್ಬನೇ. ನಾನು ಬಾಯಿ ತೆರೆಯಲಿಲ್ಲ. ಎಷ್ಟು ಹೊತ್ತು? ಮೂರು ನಿಮಿಷ ಇರಬಹುದು.

ಬಾಯಿ ತೆರೆದವಳು ಭೀಮವ್ವ.

"ಬಿಡೋ ಅವನ! ಕುರಿ ನಂದೋ, ನಿಂದೋ? ಕಳ್ಳ ಮೈಮ್ಯಾಗಿನ ತುಪ್ಪಟ ಹಿಡದು ಎಳೀತಾನ. ಇಂವ ಗದ್ದದ ಬುಡಕ ಕೈ ಕೊಟ್ಟಾನ. ಕುರಿ ಒದರಿತೇನು? ಇಂವ ಕುರಿ ಕಾಯ್ದವ ಅದಾನ!"

"ಆಯಿ, ನಿನಗ ಗೊತ್ತಿಲ್ಲ, ಸುಮ್ಮನಿರು."

"ನನಗ ಗೊತ್ತಿಲ್ಲ, ಖರೇ. ನಿನಗೇನ್ ಗೊತ್ತೈತಿ? ಅದನ್ನರೆ ಹೇಳು!"

ಅವಳು ಹೆಗಲ ಕಂಬಳಿ ನೆಲಕ್ಕೆ ಹಾಸಿದಳು. "ಕುಂದ್ರಪಾ ತಮ್ಮಾ." ಇದ್ರೀಸ ಬೂಟು ಬಿಚ್ಚಿ ಕೂತ. ಕಂಬಳಿ ಹಾಸಿ ಕೂರಿಸಿದವನ ಮೇಲೆ ನಮ್ಮಲ್ಲಿ ಕೈ ಎತ್ತುವುದಿಲ್ಲ. ಬೈಕುಗಳು ಹೋದವು. ಕ್ಷಮೆ ಯಾರೂ ಕೇಳಲಿಲ್ಲ.

ಆಮೇಲೆ ನನಗೆ ಧೈರ್ಯ ಬಂತು (ಆಮೇಲೆ ಎಲ್ಲರಿಗೂ ಬರುತ್ತದೆ). ಅವನ ಮಾತನ್ನು ಭೀಮವ್ವನಿಗೆ ಕನ್ನಡದಲ್ಲಿ ಹೇಳಿದೆ. ಹಲ್ಲು ನೋಡಿ ವಯಸ್ಸು ಹೇಳುವುದನ್ನು ಅಪ್ಪ ಕಲಿಸಿದನಂತೆ. ಯುದ್ಧ ಶುರುವಾದ ಮೇಲೆ ಅಪ್ಪನ ಹಿಂಡು ಎಲ್ಲಿದೆಯೋ ತಿಳಿಯದಂತೆ.

"ಇಂವ ನಮ್ಮ ಮಂದಿನ ಬಿಡಪಾ," ಎಂದಳು ಭೀಮವ್ವ, ನನ್ನನ್ನು ನೋಡುತ್ತ.

ದಿಲ್ಲಿಗೆ ಆಫ್ರಿಕಾದ ನಾಯಕರು ಬಂದಾಗ ಕೆಂಪು ಹಾಸು, ಹಾರ, ಹಳೆಯ ಗೆಳೆತನದ ಭಾಷಣ. ಅವರ ಗಣಿ ಬೇಕು. ವಿಶ್ವಸಂಸ್ಥೆಯಲ್ಲಿ ಅವರ ವೋಟು ಬೇಕು. ಅವರ ನಾಡಿನ ಮಕ್ಕಳು ಇಲ್ಲಿ ಏಟು ತಿಂದರೆ? 'ಬಿಡಿ ಘಟನೆ' ಎಂದು ಒಂದು ಹೇಳಿಕೆ. ಇದೆಂಥ ವಿದೇಶಾಂಗ ನೀತಿ? ಕರೆಸಿಕೊಂಡ ಅತಿಥಿಯ ಪಕ್ಕ ಬಸ್ಸಿನಲ್ಲಿ ಒಬ್ಬನನ್ನು ಕೂರಿಸಲಾರದ ಗೆಳೆತನ ಯಾರಿಗೆ ಬೇಕು?

ಇನ್ನು ನಾವು! ಸಾಂಗಲಿಯ ಕಚೇರಿಯಲ್ಲಿ ಕನ್ನಡ ಮಾತಾಡಿದರೆ 'ನೀವು ಯಾವ ಕಡೆಯವರು?' ಎಂದು ಕೇಳಿಸಿಕೊಂಡು ಉರಿಯುವವರು. ಅದೇ ಪ್ರಶ್ನೆಯನ್ನು ಕಾಲರ್ ಹಿಡಿದು ಕೇಳಿದೆವು.

"ಬರೀಬ್ಯಾಡ್ರಿ ಮಾಸ್ತರ, ಊರ ಹೆಸರು ಕೆಡ್ತೈತಿ," ಎಂದು, ನಾನಿದನ್ನು ಪತ್ರಿಕೆಗೆ ಬರೆಯುವ ಸುದ್ದಿ ತಿಳಿದ ಊರಿನ ಇಬ್ಬರು ಫೋನ್ ಮಾಡಿದರು. ಬರೆದಿದ್ದೇನೆ. ಹೆಸರು ಕೆಟ್ಟಿದ್ದು ನನ್ನ ಪೆನ್ನಿನಿಂದಲ್ಲ.

ಕಾಲರ್ ಹಿಡಿದದ್ದು ಒಂದು ಕೈ. ನನ್ನವನ್ನೂ ಸೇರಿಸಿ, ಕಿಸೆಯಲ್ಲೇ ಉಳಿದ ಕೈ ಎಷ್ಟು?