ಎಣ್ಣೆಚೀಲ ಕಟ್ಟಿಕೊಂಡು ಆಳಂದದಿಂದ ಜೇವರ್ಗಿಗೆ

ಮಂಗಳವಾರ ಇನ್ನೂ ಮಬ್ಬುಗತ್ತಲೆ ಇರುವಾಗಲೇ ಆಳಂದ ಬಿಟ್ಟೆ, ಹೆಂಗಸರ ಸೈಕಲ್ಲಿನ ಮೇಲೆ. ಎಂಬತ್ತರ ದಶಕದ ನಡುವಿನ ಮಾತು ಇದು. ಸಾಲೆಗೆ ದಸರೆಯ ರಜೆ. ಮೀಸೆ ಹೊತ್ತ ಕನ್ನಡ ಮಾಸ್ತರನೊಬ್ಬ, ಸೀರೆ ಸಿಕ್ಕದಂತೆ ಹಿಂದಿನ ಗಾಲಿಗೆ ಬಲೆ ಹಾಕಿದ ಸೈಕಲ್ ಏರಿ ಹೊರಟರೆ ಊರು ಸುಮ್ಮನಿರುತ್ತದೆಯೇ? ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತವರೆಲ್ಲ ಎದ್ದು ನಿಂತು ನೋಡಿದರು. ಮುಡಿಯಲು ಹೂವು ಬೇಕೇನು ಎಂದು ಒಬ್ಬರು ವಿಚಾರಿಸಿಯೂ ಬಿಟ್ಟರು. ನಾನು ಬೇಗ ಬೇಗ ಪೆಡಲು ತುಳಿದೆ.

ಸೈಕಲ್ ನನ್ನ ತಂಗಿ ಶರಣಮ್ಮನಿಗೆಂದು ಕೊಂಡದ್ದು. ಅವಳನ್ನು ಜೇವರ್ಗಿಗೆ ಕೊಟ್ಟಿದ್ದೆವು. ಅಲ್ಲಿಯ ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ಕೆಲಸ ಸಿಕ್ಕಿತ್ತು, ಗುರುವಾರ ಬೆಳಗ್ಗೆ ಹಾಜರಾಗಬೇಕು. ನಾಲ್ಕು ಹಳ್ಳಿ ತಿರುಗುವ ಕೆಲಸ, ಒಂದಕ್ಕೂ ಬಸ್ಸಿಲ್ಲ. ಸೊಸೆ ಒಬ್ಬಳೇ ಗಾಡಿಹಾದಿಯಲ್ಲಿ ನಡೆದು ತಿರುಗುವುದು ಅವಳ ಅತ್ತೆಗೆ ಸುತರಾಂ ಒಪ್ಪಿಗೆಯಿರಲಿಲ್ಲ. ಗುರುವಾರದೊಳಗೆ ಸೈಕಲ್ ಬಂದರೆ ನೌಕರಿ, ಬರದಿದ್ದರೆ ಮನೆಗೆಲಸ ಎಂದು ಖಡಾಖಂಡಿತ ಹೇಳಿದ್ದರು. ಆಳಂದದಲ್ಲಿ ನಿವೃತ್ತರಾದ ಸಿಸ್ಟರ್ ಒಬ್ಬರು ತಮ್ಮ ಸೈಕಲ್ ಕೊಟ್ಟರು. ಬಸ್ಸಿನ ಮೇಲೆ ಹಾಕೋಣವೆಂದರೆ ಹಬ್ಬದ ಗದ್ದಲ, ಕಂಡಕ್ಟರು ಆಗುವುದಿಲ್ಲವೆಂದು ಕೈಯಾಡಿಸಿಬಿಟ್ಟರು. ತಂಗಿ ಓದಿದ್ದು ಅಫಜಲಪುರದಲ್ಲಿ, ಚಿಗವ್ವನ ಮನೆಯಲ್ಲಿದ್ದುಕೊಂಡು. ಸೈಕಲ್ ಕಲಿತದ್ದೂ ಅಲ್ಲೇ, ಅವಳ ಪ್ರಮಾಣಪತ್ರಗಳು ಉಳಿದದ್ದೂ ಅಲ್ಲೇ. ಹೀಗಾಗಿ ಸುತ್ತಾದರೂ ಆ ದಾರಿ ಹಿಡಿದು, ಬುಧವಾರ ಸಂಜೆಗೆ ಜೇವರ್ಗಿ ಮುಟ್ಟುವುದೆಂದು ಗೊತ್ತುಮಾಡಿಕೊಂಡಿದ್ದೆ.

ನನ್ನ ತಯಾರಿಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಸೀಟಿನ ಹಿಂದೆ ಹೊಸ ತೊಗಲಿನ ಚೀಲ. ಅದರಲ್ಲಿ ನಟ್ಟು ಬಿಚ್ಚುವ ಒಂದು ಪಾನಾ, ಟೈರು ಕಳಚುವ ಎರಡು ಕಬ್ಬಿಣದ ಪಟ್ಟಿ, ತೇಪೆ ಅಂಟಿಸುವ ಸಲ್ಯೂಶನ್ನಿನ ನಳಿಕೆ, ರಬ್ಬರ್ ತೇಪೆಗಳು, ಮಡಿಚಿಟ್ಟ ಹೆಚ್ಚಿನ ಟ್ಯೂಬು. ಪಂಪು ನಡುವಿನ ಕೊಳವೆಗೆ ಬಿಗಿದಿತ್ತು. ನಮ್ಮ ಕಡೆ ತೊಗಲಿನ ಚಪ್ಪಲಿಗೆ ಕುಸುಬಿ ಎಣ್ಣೆ ಉಣಿಸಿ ಮೆತ್ತಗೆ ಇಡುವ ರೂಢಿ. ನಾನು ಚೀಲಕ್ಕೂ ಒಳಗೆ ಹೊರಗೆ ಧಾರಾಳವಾಗಿ ಎಣ್ಣೆ ಉಣಿಸಿದೆ. ಕೈಯಲ್ಲಿ ಉಳಿದದ್ದನ್ನು ಟ್ಯೂಬಿಗೂ ಸವರಿದೆ, ಅದೂ ಮೆತ್ತಗಿರಲಿ ಎಂದು. ಹದಿನೈದು ದಿನ ಮುಚ್ಚಳ ಬಿಗಿದು ಇಟ್ಟೆ. ರಬ್ಬರ್ ಸಾಮಾನು ಒಣಬಟ್ಟೆಯಲ್ಲಿ ಬೇರೆ ಕಟ್ಟಿರಿ ಎಂದು ಸೈಕಲ್ ಅಂಗಡಿಯ ಚಾಚಾ ಹೇಳಿದ್ದರು. ಆದರೆ ನಾನು ಮಾಸ್ತರ, ಹೇಳುವುದು ನನ್ನ ಕೆಲಸ, ಕೇಳುವುದಲ್ಲ.

ಮೊದಲ ದಿನ ಸುಮಾರು ಅರವತ್ತು ಕಿಲೋಮೀಟರ್ ಆಯಿತು. ಮಳೆ ಹಿಂದೆ ಸರಿದು ಬಿಸಿಲು ಬಿದ್ದಿತ್ತು. ಎರಡೂ ಕಡೆ ಕಪ್ಪು ಹೊಲಗಳಲ್ಲಿ ಬಿಳಿಜೋಳ ಬಿತ್ತುತ್ತಿದ್ದರು, ತೊಗರಿ ಸೊಂಟದ ಮಟ ಬಂದಿತ್ತು. ಮಧ್ಯಾಹ್ನ ಬಾವಿಯೊಂದರ ಹತ್ತಿರ ಬುತ್ತಿ ಬಿಚ್ಚಿದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ನೀರು ಸೇದುತ್ತಿದ್ದ ಮುದುಕಿ ಒಂದು ಉಳ್ಳಾಗಡ್ಡಿ ಜಜ್ಜಿ ಕೈಗಿಟ್ಟಳು. ಸಂಜೆ ಅಫಜಲಪುರದಲ್ಲಿ ಚಿಗವ್ವ ಕಾಲಿಗೆ ಬಿಸಿನೀರು ಹಾಕಿದಳು. ತಂಗಿಯ ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನನ್ನ ಅಂಗಿಯೊಳಗೆ ತಾನೇ ಇಟ್ಟಳು.

ಬುಧವಾರ ಅಲ್ಲಿಂದ ಹೊರಡುವುದೇ ತಡವಾಯಿತು. ಚಿಗವ್ವ ಹೋಳಿಗೆ ಉಣ್ಣದೆ ಬಿಡಲಿಲ್ಲ. ಮುಂದೆ ಭೀಮಾ ನದಿ ದಾಟಬೇಕಿತ್ತು, ದೋಣಿ ಹೊತ್ತು ಮುಳುಗುವವರೆಗೆ ಮಾತ್ರ. ಊರು ದಾಟಿ ಹತ್ತು ಹನ್ನೆರಡು ಕಿಲೋಮೀಟರ್ ಆಗಿತ್ತು. ರಸ್ತೆಬದಿಗೆ ಯಾರೋ ಬೇಲಿಗೆಂದು ಜಾಲಿ ಕಡಿದು ಹಾಕಿದ್ದರು. ಮುಂದಿನ ಗಾಲಿ ಉಸ್ಸೆಂದಿತು.

ನನಗೆ ಗಾಬರಿಯೇನೂ ಆಗಲಿಲ್ಲ, ತಯಾರಾಗಿಯೇ ಬಂದವನಲ್ಲವೇ? ಚೀಲ ಬಿಚ್ಚಿ ಹೆಚ್ಚಿನ ಟ್ಯೂಬು ಹೊರತೆಗೆದೆ. ಅದು ಉಬ್ಬಿ, ಅಂಟಂಟಾಗಿ, ಜಗ್ಗಿದರೆ ಬೆರಳಿಗೇ ಹರಿದು ಬಂತು. ಹೋಗಲಿ ಎಂದು ತೂತಾದ ಟ್ಯೂಬಿಗೇ ತೇಪೆ ಹಚ್ಚಿದೆ. ಗಾಳಿ ಹಾಕುತ್ತಲೇ ಜಾರಿತು. ಎರಡನೆಯದೂ ಜಾರಿತು, ಮೂರನೆಯದೂ ಜಾರಿತು. ಚೀಲ, ತೇಪೆ, ನನ್ನ ಕೈ, ಎಲ್ಲ ಕುಸುಬಿ ಎಣ್ಣೆ. ಹೊತ್ತು ನೆತ್ತಿ ದಾಟಿತ್ತು, ನದಿ ಇನ್ನೂ ದೂರವಿತ್ತು. ಅಂಗಿಯೊಳಗಿನ ಪತ್ರಗಳು ಎದೆಗೆ ಚುಚ್ಚಿದವು. ನನ್ನ ಅತಿಬುದ್ಧಿಗೆ ತಂಗಿಯ ನೌಕರಿ ಹೋಗುತ್ತದಲ್ಲ ಎಂದು ಅಳು ಬರುವಂತಾಯಿತು.

ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಸೈಕಲ್ಲಿನ ಮೇಲೆ ಬಂದರು. ಖಾಕಿ ಅಂಗಿ, ಹೆಗಲಿಗೆ ಟಪಾಲು ಚೀಲ, ಐವತ್ತರ ಆಸುಪಾಸಿನ ವಯಸ್ಸು. ಇಳಿದು, ಏನೂ ಕೇಳದೆ, ನನ್ನ ಚೀಲದೊಳಗೆ ಬೆರಳು ಹಾಕಿ ಮೂಸಿದರು.

"ಹಪ್ಪಳ ಕರೀಬೇಕಂತ ಮಾಡೀರೇನ್ರಿ?" ಎಂದರು.

ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಗುರುವಾರದ ಕಥೆ, ಅತ್ತೆಯ ಮಾತು, ದೋಣಿಯ ಹೊತ್ತು ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಹೊಲದಂಚಿನ ನೀರಿಗೆ ನನ್ನನ್ನು ಕರೆದುಕೊಂಡು ಹೋಗಿ ಎರಿಮಣ್ಣಿನಲ್ಲಿ ಮೊಣಕೈವರೆಗೆ ಕೈ ತಿಕ್ಕಿಸಿದರು. ನಮ್ಮ ಹೆಣ್ಣುಮಕ್ಕಳು ಜಿಡ್ಡು ಹೋಗಲೆಂದು ತಲೆಗೆ ಹಚ್ಚಿಕೊಳ್ಳುವ ಅದೇ ಕಪ್ಪು ಮಣ್ಣು. ಟ್ಯೂಬಿಗೂ ಅದನ್ನೇ ತಿಕ್ಕಿ ತೊಳೆದು, ತಮ್ಮ ತಲೆಯ ಟವೆಲಿನಿಂದ ಒರೆಸಿ ಒಣಗಿಸಿದರು. ಆಮೇಲೆ ತಮ್ಮ ಸೀಟಿನ ಕೆಳಗಿನಿಂದ ಒಂದು ಗಂಟು ಬಿಚ್ಚಿದರು. ಮೊಳದುದ್ದದ ಹಳೆಯ ಟ್ಯೂಬಿನ ತುಂಡು, ಎರಡೂ ತುದಿಗೆ ಕಟ್ಟು. ಒಳಗೆ ಮುಖಕ್ಕೆ ಹಚ್ಚುವ ಪೌಡರಿನಲ್ಲಿ ಹೊರಳಿಸಿಟ್ಟ ತೇಪೆಗಳು, ಉಜ್ಜುವ ಮರಳುಕಾಗದ, ಸಲ್ಯೂಶನ್, ಗಾಳಿ ಹಾಕುವ ಬಾಯಿಗೆ ತೊಡಿಸುವ ಒಂದಿಷ್ಟು ವಾಲ್ ಟ್ಯೂಬು. ನೀರು ಹೋಗದು, ಧೂಳು ಹೋಗದು, ಬಡಿದಾಡಿ ಸದ್ದೂ ಮಾಡದು. ಉಜ್ಜಿ, ಸಲ್ಯೂಶನ್ ಸವರಿ, ಅದು ಒಣಗುವವರೆಗೆ ಊರಿನ ಸಮಾಚಾರ ಹೇಳುತ್ತ ಕೂತರು. ನನಗೆ ಒಂದೊಂದು ಗಳಿಗೆಯೂ ಭಾರವಾಗುತ್ತಿತ್ತು. ಕೊನೆಗೆ ತೇಪೆ ಒತ್ತಿದರು. ಅದು ಕೂತೇಬಿಟ್ಟಿತು.

ಗಾಳಿ ತುಂಬಿದ ಮೇಲೆ ಅವರು ಆ ಗಂಟನ್ನು ಹಾಗೆಯೇ ನಮ್ಮ ಸೈಕಲ್ಲಿಗೆ ಕಟ್ಟತೊಡಗಿದರು. ನಿಮಗೆ ಬೇಡವೇ ಎಂದು ನಾನು ತಡೆದೆ.

"ನಾ ಇಪ್ಪತ್ತು ವರ್ಷ ಈ ಹಾದಿ ತುಳದೀನ್ರಿ. ಎಲ್ಲಿ ಪಂಚರ್ ಆದ್ರೂ ಟಪಾಲಣ್ಣ ಅಂತ ನಾಕು ಮಂದಿ ಬರ್ತಾರ. ಆಕೀಗಿ ಅಲ್ಲಿ ಇನ್ನಾ ಯಾರೂ ಗೊತ್ತಿಲ್ಲ. ಆಕೀ ಹತ್ರ ಇರ್ಲಿ."

ನಾನು ಕೈ ಮುಗಿದೆ. ದೋಣಿ ತಪ್ಪುತ್ತದೆ, ನಡೆಯಿರಿ ಎಂದು ಗದರಿಸಿದರು.

ನದಿಗೆ ಬಂದಾಗ ಸೂರ್ಯ ಒಂದು ಗೇಣು ಮೇಲಿದ್ದ, ಕೊನೆಯ ದೋಣಿ ದಡ ಬಿಡುತ್ತಿತ್ತು. ನಾನು ಕೂಗಿದ ಕೂಗಿಗೆ ಅಂಬಿಗರು ಹುಟ್ಟು ಹಿಂದಕ್ಕೆ ಹಾಕಿದರು. ಸೈಕಲ್ಲನ್ನು ಎರಡು ಆಡುಗಳ ನಡುವೆ ನಿಲ್ಲಿಸಿ ಅದಕ್ಕೂ ಸೇರಿಸಿ ಇಬ್ಬರ ದುಡ್ಡು ಕೊಟ್ಟೆ. ಆಚೆ ದಡದಿಂದ ಜೇವರ್ಗಿ ಮುಟ್ಟುವ ಹೊತ್ತಿಗೆ ದೀಪ ಹಚ್ಚಿದ್ದರು. ಶರಣಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳ ಅತ್ತೆ ಸೈಕಲ್ಲನ್ನು ಸುತ್ತಲೂ ಬಂದು ನೋಡಿದರು, ಹಾದಿಯಲ್ಲಿ ಕೆಟ್ಟರೆ ಅಳುತ್ತ ಕೂರುತ್ತಾಳೆ ಎಂದಷ್ಟೇ ಅಂದರು. ನಾನು ಊಟಕ್ಕೂ ಕೂರದೆ ತಂಗಿಗೆ ಗಂಟು ಬಿಚ್ಚಿ ತೋರಿಸಿದೆ, ಆ ಟಪಾಲಿನವರು ತೋರಿಸಿದ ಹಾಗೆಯೇ. ಎರಿಮಣ್ಣನ್ನೂ ಬಿಡಲಿಲ್ಲ.

ಗುರುವಾರ ಅವಳು ಹೋದಳು. ಸಂಜೆ ಬರುವುದು ತಡವಾಯಿತು. ಅತ್ತೆ ಒಳಗೂ ಹೊರಗೂ ಓಡಾಡಿದರು. ಕೊನೆಗೆ ತಂಗಿ ಸೈಕಲ್ ಮೇಲೆಯೇ ಬಂದಳು, ಎರಡೂ ಕೈ ಕರ್ರಗೆ. ಮೂರನೆಯ ಹಳ್ಳಿಯ ಹಾದಿಯಲ್ಲಿ ಮುಳ್ಳು ಚುಚ್ಚಿತ್ತಂತೆ. ತಾನೇ ಕಳಚಿ, ತಾನೇ ತೇಪೆ ಹಾಕಿ, ನಾಲ್ಕನೆಯ ಹಳ್ಳಿಯನ್ನೂ ಮುಗಿಸಿ ಬಂದಿದ್ದಳು. ಅತ್ತೆ ಚರಿಗೆಯಲ್ಲಿ ನೀರು ತಂದು ಸೊಸೆಯ ಕೈಗೆ ತಾವೇ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಮಾಸ್ತರ, ಆ ಟಪಾಲಿನವ್ರ ಹೆಸರೇನ್ರಿ?" ನನಗೆ ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ.

ಶುಕ್ರವಾರ ಬಸ್ಸಿನಲ್ಲಿ ಕಲಬುರಗಿಗೆ ಬಂದೆ. ಆಳಂದದ ಬಸ್ಸು ಎದುರಿಗೇ ನಿಂತಿತ್ತು, ಅದನ್ನು ಬಿಟ್ಟು ಅಫಜಲಪುರದ ಬಸ್ಸು ಹತ್ತಿದೆ. ಆ ಜಾಲಿಬೇಲಿಯ ಹತ್ತಿರ ಖಾಕಿ ಅಂಗಿ ಕಂಡಿತು. ಬಸ್ಸು ನಿಲ್ಲಿಸಿ ಇಳಿದುಬಿಟ್ಟೆ. ಅವರು ನನ್ನನ್ನು ಗುರುತಿಸಿದವರೇ ಮೊದಲು ಕೇಳಿದ್ದು ಒಂದೇ. "ಆಕಿ ಹಾಜರ್ ಆದ್ಳೇನ್ರಿ?"

ಆದಳು ಎಂದೆ. ಮೊದಲ ದಿನವೇ ಪಂಚರ್ ಆದದ್ದು, ಅವಳೇ ತೇಪೆ ಹಾಕಿದ್ದು, ಅತ್ತೆ ನೀರು ಹಾಕಿದ್ದು, ಎಲ್ಲ ಹೇಳಿದೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು. ನಾನು ಕೈಚೀಲದಿಂದ ಟ್ಯೂಬಿನ ಹೊಸ ಗಂಟು ತೆಗೆದುಕೊಟ್ಟೆ. ತೇಪೆ, ಮರಳುಕಾಗದ, ಸಲ್ಯೂಶನ್ ಎಲ್ಲ ತುಂಬಿ ರಾತ್ರಿ ಶರಣಮ್ಮನೇ ಕಟ್ಟಿದ್ದಳು. ಅವರು ಅದನ್ನು ಮೂಗಿನ ಹತ್ತಿರ ಹಿಡಿದರು.

"ಎಣ್ಣಿ ಹಚ್ಚಿಲ್ಲಲ್ರಿ?"

ಇಬ್ಬರೂ ನಕ್ಕೆವು. ಆಗ ಹೆಸರು ಕೇಳಿದೆ. ಗುರುಪಾದಪ್ಪ ಎಂದರು. ಗಂಟನ್ನು ಸೀಟಿನ ಕೆಳಗೆ ಬಿಗಿದು, ಬಸ್ಸು ಹೋದ ದಾರಿಯನ್ನೊಮ್ಮೆ ನೋಡಿ, ಹಿಂದೆ ಕೂತುಕೊಳ್ಳಿರಿ, ಅಫಜಲಪುರದವರೆಗೆ ಬಿಡುತ್ತೇನೆ ಎಂದರು. ನಾನು ಟಪಾಲು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕ್ಯಾರಿಯರ್ ಮೇಲೆ ಕೂತೆ. ತಂಗಿ ಕಟ್ಟಿದ ಆ ಗಂಟು ಊರು ಬರುವ ತನಕ ನನ್ನ ಮೊಣಕಾಲಿಗೆ ತಾಗುತ್ತಲೇ ಇತ್ತು.