ಹೆಜ್ಜೆಯಕ್ಕನ ನಿಧಾನದ ಹಾಡು

ಸೋಮವಾರ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಎರಡನೇ ಮಹಡಿಯ ಉದ್ದನೆಯ ಕಾರಿಡಾರಿನಲ್ಲಿ ಈಗಷ್ಟೇ ಒರೆಸಿದ ನೆಲದ ಫಿನಾಯಿಲ್ ವಾಸನೆ. ಗೋಡೆಯುದ್ದಕ್ಕೂ ಹಾಕಿದ ಕಂಬಿಯನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದು ದಪ್ಪ ಮೀಸೆಯ ಯಜಮಾನರೊಬ್ಬರು ನಿಂತಿದ್ದಾರೆ. ಅವರ ಎಡಮಗ್ಗುಲಲ್ಲಿ, ಅವರ ಸೊಂಟಕ್ಕೆ ಕಟ್ಟಿದ ಅಗಲ ಪಟ್ಟಿಯನ್ನು ಹಿಂದಿನಿಂದ ಹಿಡಿದು, ಸಣ್ಣ ಮೈಕಟ್ಟಿನ ಹೆಂಗಸೊಬ್ಬರು. "ಹೂಂ, ಎಡಗಾಲು ಬರ್ಲಿ" ಎನ್ನುತ್ತಾರೆ. ಎಡಗಾಲು ಬರುವುದಿಲ್ಲ. "ಬರ್ಲಿ ಬರ್ಲಿ, ಏನೂ ಅವಸರ ಇಲ್ಲ" ಎನ್ನುತ್ತಾರೆ. ಹಾಗೆನ್ನುತ್ತಲೇ ಅವರ ಇನ್ನೊಂದು ಕೈ ತಮ್ಮ ಸೊಂಟಕ್ಕೆ ಹೋಗಿ, ಅಲ್ಲಿ ತಡಕಾಡಿ, ಏನೂ ಸಿಗದೆ ವಾಪಸು ಬರುತ್ತದೆ. ನಾನು ನಿಂತು ನೋಡುತ್ತಿರುವಷ್ಟು ಹೊತ್ತೂ ಆ ಕೈಗೆ ಇದೇ ಕೆಲಸ.

ಸೊಂಟದ ಆ ಜಾಗದಲ್ಲಿ ಮೊನ್ನೆಯ ತನಕ ಒಂದು ಟೇಪು ಸಿಕ್ಕಿಸಿಕೊಂಡಿರುತ್ತಿತ್ತು. ಪುಟ್ಟ ಸ್ಪೀಕರ್ ಇದ್ದ, ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಹಳೇ ಕ್ಯಾಸೆಟ್ ಪ್ಲೇಯರ್. ಮೊನ್ನೆ ಬೆಳಗ್ಗೆ ಇದೇ ಯಜಮಾನರು ಆಯತಪ್ಪಿದರು. ಹೆಂಗಸು ಎರಡೂ ಕೈಯಲ್ಲಿ ಅವರನ್ನು ಬಾಚಿ ಹಿಡಿದುಕೊಂಡರು. ಟೇಪು ಕಳಚಿ ಬಿತ್ತು. ಎದುರಿಗೆ ಬರುತ್ತಿದ್ದ ಔಷಧಿ ಗಾಡಿಯ ಚಕ್ರ ಅದರ ಮೇಲೆ ಹತ್ತಿ ಇಳಿಯಿತು. ಒಳಗಿದ್ದ ಕ್ಯಾಸೆಟ್ಟಿನ ಕೂದಲೂ ಕೊಂಕಲಿಲ್ಲ, ಟೇಪು ಮಾತ್ರ ಪುಡಿಪುಡಿ. ಅಂದಿನಿಂದ ಯಜಮಾನರ ಎಡಗಾಲು ಮುಷ್ಕರ ಹೂಡಿದೆ.

ಈ ಹೆಂಗಸನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ಹೆಜ್ಜೆಯಕ್ಕ ಎಂದು. ಹುದ್ದೆ ಸಹಾಯಕಿಯದು, ಅದೂ ತಾತ್ಕಾಲಿಕ. ಲಕ್ವ ಹೊಡೆದು ಅರ್ಧ ಮೈ ಮರೆತವರನ್ನು ಮತ್ತೆ ನಡೆಸುವುದು ಇವರ ಕೆಲಸ. ಹೇಗೆ ನಡೆಸಬೇಕು, ಎಷ್ಟು ನಡೆಸಬೇಕು ಎಂದು ಫಿಸಿಯೋಥೆರಪಿ ಡಾಕ್ಟರು ಹೇಳುತ್ತಾರೆ. ಬೆಳಗ್ಗೆಯಿಂದ ಸಂಜೆಯವರೆಗೆ ಆ ಭಾರವನ್ನೆಲ್ಲ ಮಗ್ಗುಲಿಗೆ ಆನಿಸಿಕೊಂಡು ನಡೆಯುವವರು ಹೆಜ್ಜೆಯಕ್ಕ. ದಿನಕ್ಕೆ ಎಷ್ಟು ಜನ ಎಂದು ಕೇಳಿದೆ. "ಎಣಿಸಿದ್ರೆ ಮೊಣಕಾಲು ನೋಯತ್ತೆ, ಅದಕ್ಕೇ ಎಣಿಸಲ್ಲ" ಎಂದರು. ಮೊಣಕಾಲು ಎಣಿಸದಿದ್ದರೂ ನೋಯುತ್ತದೆ ಎಂಬುದು ಅವರು ಮೆಟ್ಟಿಲಿಳಿಯುವಾಗ ನನಗೇ ಕಂಡಿತು.

ಪೇಪರಿನ ಸಂದರ್ಶನಕ್ಕೆಂದು ಹೋದ ನನ್ನನ್ನು ಈ ಹೆಂಗಸು ಒಮ್ಮೆಯೂ ಕೂರಗೊಡಲಿಲ್ಲ. ತಾವೂ ಕೂರಲಿಲ್ಲ. ಪ್ರಶ್ನೆ ಕೇಳಬೇಕಾದರೆ ಹಿಂದೆ ಹಿಂದೆ ನಡೆಯಬೇಕು, ಉತ್ತರ ಕೇಳಿಸಬೇಕಾದರೆ ಮುಂದೆ ಓಡಬೇಕು. ಒಂದು ಬೆಳಗ್ಗೆಯಲ್ಲಿ ಮುಗಿಸಿ ಬರೋಣ ಎಂದುಕೊಂಡಿದ್ದ ನನ್ನ ಲೆಕ್ಕಾಚಾರವೆಲ್ಲ ತಲೆಕೆಳಗಾಗಿ, ವಾರವಿಡೀ ಅವರ ಬಾಲದಂತೆ ಅಲೆದೆ. ಅವರು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹಾಸಿಗೆಯ ಹೊದಿಕೆ ಎಳೆದು ಸರಿಮಾಡುವರು, ಬಾಗಿಲು ತೆರೆದು ಇಣುಕುವರು, ಯಾರೂ ಕರೆಯದಿದ್ದರೂ "ಬಂದೆ" ಎನ್ನುವರು. ಆ ಚಡಪಡಿಕೆ ನನಗೂ ಅಂಟಿಕೊಂಡಿತು. ಮನೆಗೆ ಹೋದ ಮೇಲೂ ನಾನು ಊಟದ ಮೇಜಿನ ಸುತ್ತ ತಿರುಗುತ್ತಿದ್ದೆ.

ಚಡಪಡಿಕೆಗೆ ಕಾರಣವಿತ್ತು. ದಪ್ಪ ಮೀಸೆಯ ಯಜಮಾನರು ಬಡಗಿ. ಗಂಡ ಹೆಂಡತಿ ಇಬ್ಬರೇ ಇರುವ ಮನೆ, ಮೂರನೇ ಮಹಡಿ, ಲಿಫ್ಟಿಲ್ಲ. ಶನಿವಾರ ದೊಡ್ಡ ಡಾಕ್ಟರು ಬರುತ್ತಾರೆ. ಅವರೆದುರು ಬಡಗಿ ಕಂಬಿ ಬಿಟ್ಟು ಕಾರಿಡಾರಿನ ಕೊನೆಯ ಕಿಟಕಿಯ ತನಕ ನಡೆದು, ಅಲ್ಲಿರುವ ಅಭ್ಯಾಸದ ಮೆಟ್ಟಿಲು ಹತ್ತಿ ಇಳಿದರೆ ಮನೆಗೆ. ಆಗದಿದ್ದರೆ ಊರಾಚೆಯ ಆರೈಕೆ ಕೇಂದ್ರಕ್ಕೆ. ಇಲ್ಲಿ ಹಾಸಿಗೆ ಬಿಟ್ಟುಕೊಡಬೇಕು, ಅಷ್ಟು ದೊಡ್ಡ ದೇಹವನ್ನು ಹೆಂಡತಿ ಒಬ್ಬರೇ ಮೂರು ಮಹಡಿ ಹೊರಲಾರರು, ಬೇರೆ ದಾರಿಯಿಲ್ಲ. "ಅಲ್ಲಿಗೆ ಹೋದೋರು ಗೋಡೆ ನೋಡ್ಕೊಂಡು ಮಲಗಿಬಿಡ್ತಾರಂತೆ" ಎಂದು ಬಡಗಿಯ ಹೆಂಡತಿ ನನ್ನ ಹತ್ತಿರ ಮೆಲ್ಲಗೆ ಹೇಳಿದರು.

ಹಾಡಿಗೂ ನಡಿಗೆಗೂ ಗಂಟು ಬಿದ್ದದ್ದು ಹೇಗೆ ಎಂದರೆ, ಅದು ಬಹಳ ಹಿಂದಿನ ಮಾತು. ಹೆಜ್ಜೆಯಕ್ಕ ಆಗ ಇದೇ ಕಾರಿಡಾರಿನ ನೆಲ ಒರೆಸುತ್ತಿದ್ದರು. ಬೇಸರ ಕಳೆಯಲು ಅಣ್ಣ ಕೊಟ್ಟ ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಾಡಿನ ತಾಳಕ್ಕೆ ಸರಿಯಾಗಿ ಒರೆಸುಕೋಲು ಎಳೆಯುತ್ತಿದ್ದರು. ಒಂದು ದಿನ, ಗೋಡೆ ಹಿಡಿದು ನಿಂತಿದ್ದ ರೋಗಿಯೊಬ್ಬರ ಸತ್ತಂತಿದ್ದ ಕಾಲು ಆ ತಾಳಕ್ಕೆ ಮುಂದೆ ಬಂತು. ಹಾಡು ಮುಗಿದಾಗ ನಿಂತಿತು. ಇದನ್ನು ಕಂಡ ಆಗಿನ ಫಿಸಿಯೋಥೆರಪಿ ಮೇಡಂ ಒರೆಸುಕೋಲು ಬೇರೆಯವರಿಗೆ ಕೊಡಿಸಿ, ಇವರನ್ನು ತಮ್ಮ ವಿಭಾಗಕ್ಕೆ ಎಳೆದುಕೊಂಡರು. ತಾಳ ಕಿವಿಗೆ ಬಿದ್ದರೆ ಕಾಲಿಗೆ ದಾರಿ ತಿಳಿಯುವುದುಂಟು ಎಂದು ವಿವರಿಸಿ ಹೇಳಿಕೊಟ್ಟವರೂ ಅವರೇ. "ಮೇಡಂ ಕಣ್ಣಿಗೆ ಅವತ್ತು ಅದು ಬೀಳ್ದೆ ಇದ್ದಿದ್ರೆ ನಾನು ಇವತ್ತೂ ಬಕೆಟ್ ಹಿಡ್ಕೊಂಡೇ ಇರ್ತಿದ್ದೆ" ಎನ್ನುತ್ತಾರೆ ಹೆಜ್ಜೆಯಕ್ಕ.

ಕ್ಯಾಸೆಟ್ಟಿನಲ್ಲಿ ಹಲವು ಹಾಡುಗಳಿದ್ದರೂ ನಡಿಗೆಗೆ ಹೊಂದುವುದು ಒಂದೇ. ಮೇಲಿನ ಹೆಸರಿನ ಚೀಟಿ ಯಾವಾಗಲೋ ಸವೆದುಹೋಗಿದೆ, ಯಾರ ಹಾಡೋ ಯಾರಿಗೂ ಗೊತ್ತಿಲ್ಲ. ದಪ್ಪ ಗಂಟಲಿನ ಗಂಡಸೊಬ್ಬ ಗಜಗಮನದಲ್ಲಿ ಹಾಡುತ್ತಾನೆ. ರೋಗಿಗಳು ಅವನಿಗೆ ದೊಡ್ಡಣ್ಣ ಎಂದು ಹೆಸರಿಟ್ಟಿದ್ದಾರೆ. "ದೊಡ್ಡಣ್ಣನ್ನ ಕರೀರಿ" ಎಂದರೆ ನಡೆಯಲು ಸಿದ್ಧ ಎಂದರ್ಥ.

ಮಂಗಳವಾರ ಹೆಜ್ಜೆಯಕ್ಕನ ಮಗಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದು, ತನ್ನ ಹಳೇ ಫೋನನ್ನು ಅಮ್ಮನ ಸೊಂಟಕ್ಕೆ ಸಿಕ್ಕಿಸಿದಳು. ಅಮ್ಮ ಗುನುಗಿದ್ದನ್ನು ಹಿಡಿದು ರಾತ್ರಿಯೆಲ್ಲ ಹುಡುಕಿ ಅದೇ ಹಾಡನ್ನು ಪತ್ತೆಮಾಡಿದ್ದಳು. ಒತ್ತಿದಳು. ಚುರುಕಾದ ತಾಳ, ಅದರ ಮೇಲೆ ತೆಳ್ಳನೆಯ ಹೆಣ್ಣು ದನಿ. ಮಾತು ಅದೇ, ರಾಗ ಅದೇ.

"ಇದ್ಯಾರೇ ಇವಳು?" ಎಂದರು ಹೆಜ್ಜೆಯಕ್ಕ.

"ಅಮ್ಮಾ, ಈ ಹಾಡು ಹಾಡಿರೋದೇ ಇವ್ರು. ನಿನ್ನ ಟೇಪ್ ಸೊರಗಿತ್ತು. ನಿಧಾನ ತಿರುಗ್ತಿತ್ತು, ಅದಕ್ಕೇ ಗಂಡಸಿನ ಥರ ಕೇಳ್ತಿತ್ತು."

ವಾರ್ಡಿನ ತುಂಬ ನಗು. ಇಷ್ಟು ವರ್ಷ ದೊಡ್ಡಣ್ಣನಾಗಿದ್ದವನು ಒಂದೇ ಬೆಳಗ್ಗೆಯಲ್ಲಿ ಯಾರದೋ ಅತ್ತಿಗೆಯಾಗಿಬಿಟ್ಟ. ಹೆಜ್ಜೆಯಕ್ಕ ಮಾತ್ರ ನಗಲಿಲ್ಲ. ಬಡಗಿಯನ್ನು ಎಬ್ಬಿಸಿ ನಿಲ್ಲಿಸಿದರು. ಆ ವೇಗಕ್ಕೆ ಅವರ ಬಲಗಾಲು ದಡಬಡ ಮುಂದೆ ಹೋಯಿತು, ಎಡಗಾಲು ನೆಲಕ್ಕೆ ಅಂಟಿಕೊಂಡಿತು, ಮೈ ವಾಲಿತು. "ಸಾಕು, ಕೂರ್ಸಿ" ಎಂದರು ಬಡಗಿ. ಹೆಂಡತಿ ಸುಮ್ಮನಿರಲಾರದೆ, "ಇವ್ರು ಯಾವತ್ತು ಹೆಂಗಸಿನ ಮಾತು ಕೇಳಿ ನಡೆದಿದ್ರು, ಈಗ ನಡೆಯೋಕೆ" ಎಂದರು. ಗಂಡ ನಗುತ್ತಾರೇನೋ ಎಂದು ಅವರ ಮುಖ ನೋಡಿದರು. ಬಡಗಿ ಗೋಡೆಯ ಕಡೆ ತಿರುಗಿದರು.

ಈಗಿನ ಫಿಸಿಯೋಥೆರಪಿ ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಬುಧವಾರ ಅದೇ ಹಾಡನ್ನು ಫೋನಿನಲ್ಲೇ ನಿಧಾನ ಮಾಡಿ ತಂದರು. ತಾಳ ಸರಿಹೋಯಿತು, ಆದರೆ ಹೆಣ್ಣು ದನಿ ದಪ್ಪಗಾಗದೆ ರಬ್ಬರಿನಂತೆ ಎಳೆದುಕೊಂಡಿತು, ಬಡಗಿ ಹೆಜ್ಜೆ ಬಿಟ್ಟು ಆ ದನಿಯನ್ನೇ ಕೇಳುತ್ತ ನಿಂತರು. ಟಿಕ್ ಟಿಕ್ ಎನ್ನುವ ಇನ್ನೊಂದು ಸದ್ದು ಹಾಕಿ ನೋಡಿದರು. "ನನ್ನ ಟೈಮ್ ಮುಗೀತಾ ಬಂತು ಅಂತ ಯಾರೋ ಎಣಿಸ್ದಂಗಿದೆ" ಎಂದರು ಬಡಗಿ. ಡಾಕ್ಟರು ತಕ್ಷಣ ನಿಲ್ಲಿಸಿದರು. ಆಮೇಲೆ ಹೆಜ್ಜೆಯಕ್ಕನ ಹತ್ತಿರ ಬಂದು, "ಅವರಿಗೆ ಬೇಕಾಗಿರೋದು ಬರೀ ತಾಳ ಅಲ್ಲ ಅಕ್ಕ, ಧೈರ್ಯ. ಅದು ಆ ಹಳೇ ದನಿಯಲ್ಲಿದೆ. ಅಂಥದ್ದೇ ಟೇಪ್ ಎಲ್ಲಾದ್ರೂ ಸಿಗುತ್ತಾ ನೋಡಿ" ಎಂದು, ಮಧ್ಯಾಹ್ನದ ಮೇಲೆ ರಜೆ ಕೊಟ್ಟು ಕಳಿಸಿದರು.

ಟೇಪು ಹುಡುಕುವುದೆಂದರೆ ಈ ಕಾಲದಲ್ಲಿ ಹುಡುಗಾಟವಲ್ಲ. ಹೊಳೆಯುವ ಗಾಜಿನ ಅಂಗಡಿಯ ಹುಡುಗಿ "ಕ್ಯಾಸೆಟ್ ಅಂದ್ರೆ?" ಎಂದಳು. ಗುಜರಿಯವನು ತೋರಿಸಿದ್ದರ ಹೊಟ್ಟೆಯೊಳಗೆ ಜಿರಲೆ ಸಂಸಾರ ಹೂಡಿತ್ತು. ಹೆಜ್ಜೆಯಕ್ಕ ನಡೆದರು, ನಾನು ಹಿಂದೆ ಓಡಿದೆ. ಒಂದು ಸಲ, ರಸ್ತೆ ದಾಟುತ್ತಲೇ, "ಹಾಗಾದ್ರೆ ಇಷ್ಟು ವರ್ಷ ನಾನು ಕೆಟ್ಟ ಟೇಪಿಗೆ ಜನರನ್ನ ನಡೆಸಿದೀನಿ ಅಲ್ವಾ" ಎಂದರು. "ನಡೆದ್ರಲ್ಲ" ಎಂದೆ. "ಹೂಂ, ನಡೆದ್ರು" ಎಂದರು, ಅನುಮಾನದಲ್ಲಿ.

ಗುರುವಾರ ಸಂಜೆ, ಸೈಕಲ್ ಅಂಗಡಿಯ ಪಕ್ಕದ ಓಣಿಯಲ್ಲಿ, ರೇಡಿಯೊ ರಿಪೇರಿಯ ಮುದುಕರ ಹತ್ತಿರ ಅಂಥದ್ದೇ ಒಂದು ಸಿಕ್ಕಿತು. ಅದೇ ಆಕಾರ, ಬಣ್ಣ ಬೇರೆ. ಮುದುಕರು ಅದನ್ನು ಮಗುವಿನಂತೆ ಒರೆಸಿ, ಕ್ಯಾಸೆಟ್ ಹಾಕಿ ಒತ್ತಿದರು. ಬಂದದ್ದು ಮತ್ತೆ ಅದೇ ತೆಳ್ಳನೆಯ ಹೆಣ್ಣು ದನಿ. ಮುದುಕರ ಮುಖ ಅರಳಿತು. "ಕೇಳಿ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ."

"ಯಜಮಾನ್ರೇ, ಇದನ್ನ ಸ್ವಲ್ಪ ಕೆಡಿಸಿಕೊಡ್ತೀರಾ?" ಎಂದರು ಹೆಜ್ಜೆಯಕ್ಕ.

ಮುದುಕರು ಕನ್ನಡಕ ಹಣೆಗೇರಿಸಿ ನೋಡಿದರು. "ನೋಡಮ್ಮ, ನನ್ನ ತಲೆಗೂದಲು ಬೆಳ್ಳಗಾಗಿದ್ದು ಈ ಬೆಂಚಿನ ಮೇಲೆ. ಕೆಡಿಸು ಅಂತ ಬಾಯಿಬಿಟ್ಟು ಕೇಳಿದೋಳು ನೀನೇ ಮೊದಲು. ಆಗಲ್ಲ, ಹೋಗು."

ಹೋಗುವ ಹೆಂಗಸೇ ಇವರು? ಬಡಗಿ, ಕಿಟಕಿ, ಶನಿವಾರ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಮುದುಕರು ಗೊಣಗಿಕೊಂಡೇ ಹಿಂಬದಿ ಬಿಚ್ಚಿದರು. ಮೋಟಾರಿನ ಬೆನ್ನಲ್ಲಿ ಒಂದು ಸಣ್ಣ ತೂತು, ಒಳಗೊಂದು ತಿರುಪು. ಅದನ್ನು ಆ ಕಡೆ ತಿರುಗಿಸಿದರೆ ಓಟ, ಈ ಕಡೆ ತಿರುಗಿಸಿದರೆ ನಿಧಾನ. "ಎಷ್ಟು ನಿಧಾನ ಬೇಕು?" ಎಂದರು.

ಹೆಜ್ಜೆಯಕ್ಕ ಬೆಂಚಿಗೂ ಬಾಗಿಲಿಗೂ ನಡುವಿನ ಕಿರಿದಾದ ಜಾಗದಲ್ಲಿ ನಡೆಯತೊಡಗಿದರು. ಎಡಗಾಲನ್ನು ಸೊಂಟದಿಂದ ಎತ್ತಿ, ಹೊರಗಡೆಗೆ ಅರೆಸುತ್ತು ತಂದು, ಧೊಪ್ಪನೆ ಇಟ್ಟು, ಒಂದು ಕ್ಷಣ ನಿಂತು, ಬಲಗಾಲು. ಎಡಗೈ ಮಡಚಿ ಎದೆಗೆ ಅಂಟಿತ್ತು, ಬಾಯಿ ಒಂದು ಕಡೆಗೆ ಬಿಗಿದಿತ್ತು. ನನ್ನ ಕಣ್ಣೆದುರು ನಡೆಯುತ್ತಿದ್ದವರು ಸಾಕ್ಷಾತ್ ಬಡಗಿ. ನಗು ಬರಬೇಕಿತ್ತು, ಬರಲಿಲ್ಲ. "ಇನ್ನೂ ಸ್ವಲ್ಪ ಇಳಿಸಿ" ಎಂದರು. ಮುದುಕರು ತಿರುಪು ತಿರುಗಿಸಿದರು, ಹೆಂಗಸಿನ ದನಿ ದಪ್ಪಗಾಯಿತು. "ಇನ್ನೂ." ಮತ್ತೂ ದಪ್ಪಗಾಯಿತು. "ಅಯ್ಯೋ ಜಾಸ್ತಿ ಆಯ್ತು, ಇಷ್ಟಾದ್ರೆ ನಿದ್ದೆ ಬಂದು ಬಿದ್ದೋಗ್ತಾರೆ, ಒಂಚೂರು ಏರಿಸಿ." ಹಾದುಹೋಗುವವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಇವರಿಗೆ ಪರಿವೆಯೇ ಇಲ್ಲ. ಹೀಗೆ ಏರಿಸಿ ಇಳಿಸಿ ಏರಿಸಿ, ಕೊನೆಗೆ ದೊಡ್ಡಣ್ಣ ಅಂಗಡಿಯೊಳಗೆ ಬಂದ. ಹೆಜ್ಜೆಯಕ್ಕ ಆ ತುದಿಯಿಂದ ಈ ತುದಿಗೆ ಒಂದೇ ಸಮನೆ ನಡೆದು ಬಂದು, ಬೆಂಚಿಗೆ ಒರಗಿ ಕಣ್ಣೊರೆಸಿಕೊಂಡರು. ನಾಲ್ಕು ದಿನದಲ್ಲಿ ಅವರು ಸುಮ್ಮನೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಮುದುಕರು ತಿರುಪು ಅಲುಗದಂತೆ ಒಂದು ತೊಟ್ಟು ಬಣ್ಣ ಹಚ್ಚಿ, "ನಾನು ಕೆಡಿಸಿದ್ದು ಅಂತ ಯಾರಿಗೂ ಹೇಳ್ಬೇಡ" ಎಂದರು.

ಶುಕ್ರವಾರ ಬೆಳಗ್ಗೆ ಕಾರಿಡಾರಿನಲ್ಲಿ ದೊಡ್ಡಣ್ಣನ ದನಿ ಕೇಳಿದ್ದೇ ತಡ, ಹಾಸಿಗೆಗಳಿಂದ ತಲೆಗಳು ಎದ್ದವು. ಬಡಗಿ ಗೋಡೆಯಿಂದ ಈಚೆಗೆ ತಿರುಗಿದರು. "ಬಂದ್ನಾ?" ಎಂದರು. ಹೆಂಡತಿ ಮೂಗೆಳೆದುಕೊಂಡು, "ಬಂದ, ಏಳಿ, ನಿಮಗೆ ಅವನೇ ಆಗ್ಬೇಕು" ಎಂದರು. ಅಂದು ಬಡಗಿ ಕಂಬಿ ಹಿಡಿದು ಅರ್ಧ ದಾರಿ ನಡೆದರು. ಅರ್ಧ ದಾರಿ ಮಾತ್ರ. ಶನಿವಾರಕ್ಕೆ ಅದು ಸಾಲದೆಂದು ಎಲ್ಲರಿಗೂ ಗೊತ್ತಿತ್ತು.

ಶನಿವಾರ ದೊಡ್ಡ ಡಾಕ್ಟರು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದರು. ಹೆಜ್ಜೆಯಕ್ಕ ಟೇಪು ಒತ್ತಿ, ಪಟ್ಟಿ ಹಿಡಿದು, ಬಡಗಿಯ ಕಿವಿಯಲ್ಲಿ ಏನೋ ಹೇಳಿದರು. ಬಡಗಿ ಕಂಬಿ ಬಿಟ್ಟರು. ಎಡಗಾಲು ಅರೆಸುತ್ತು ಸುತ್ತಿ ಧೊಪ್ಪನೆ ಬಂತು. ಬಲಗಾಲು. ಮತ್ತೆ ಎಡಗಾಲು. ನಿನ್ನೆ ನಿಂತ ಜಾಗ ದಾಟಿತು. ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದರು. ನಾನು ಹಿಂದೆ ಹಿಂದೆ ನಡೆಯುತ್ತಿದ್ದೆ, ಆದ್ದರಿಂದ ನನಗೊಬ್ಬನಿಗೇ ಕಂಡಿತು: ಹೆಜ್ಜೆಯಕ್ಕನ ಬಲಗೈ ಪಟ್ಟಿಯ ಮೇಲಿತ್ತು, ಎಡಗೈಯ ಹೆಬ್ಬೆರಳು ಟೇಪಿನ ಸೌಂಡ್ ಚಕ್ರವನ್ನು ಒಂದೊಂದೇ ಹಲ್ಲು ಕೆಳಗಿಳಿಸುತ್ತಿತ್ತು. ದೊಡ್ಡಣ್ಣ ದೂರ ದೂರ ಹೋದ. ಕೇಳಿಯೂ ಕೇಳದಂತಾದ. ಇಲ್ಲವಾದ. ಕಾರಿಡಾರಿನಲ್ಲಿ ಉಳಿದದ್ದು ಧೊಪ್ ಎನ್ನುವ ಒಂದು ಕಾಲು, ಸರ್ ಎನ್ನುವ ಇನ್ನೊಂದು ಕಾಲು, ಅದೇ ತಾಳದಲ್ಲಿ.

ಬಡಗಿ ಮೆಟ್ಟಿಲು ಹತ್ತಿದರು, ಇಳಿದರು, ಕಿಟಕಿಯ ಚೌಕಟ್ಟು ಹಿಡಿದುಕೊಂಡು ಉಸಿರುಬಿಟ್ಟರು. ದೊಡ್ಡ ಡಾಕ್ಟರು "ಮನೆಗೆ" ಎಂದಷ್ಟೇ ಹೇಳಿ ಪಕ್ಕದ ವಾರ್ಡಿಗೆ ನಡೆದರು. ಹೆಂಡತಿ ಕಿಟಕಿಯ ಹತ್ತಿರ ಓಡಿದರು. ಬಡಗಿ ಅವರ ಹೆಗಲ ಮೇಲಿಂದ ಹೆಜ್ಜೆಯಕ್ಕನ ಕಡೆ ನೋಡಿ, "ಹಾಡು ಮುಗೀತಾ?" ಎಂದರು.

"ಹೂಂ, ಈಗ ತಾನೇ ಮುಗೀತು" ಎಂದರು ಹೆಜ್ಜೆಯಕ್ಕ.

ಮುಂದಿನ ರೋಗಿಯ ಹಾಸಿಗೆಯ ಕಡೆ ಅವರು ಆಗಲೇ ಹೊರಟಾಗಿತ್ತು. ನಾನು ಹಿಂದೆ ಓಡಿ, ಯಾಕೆ ಸೌಂಡ್ ಇಳಿಸಿದಿರಿ, ಬಿದ್ದಿದ್ದರೆ ಏನು ಗತಿ ಎಂದು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟೂ ಇತ್ತು. "ಬಿದ್ರೆ ಹಿಡಿಯೋಕೆ ನಾನಿರ್ಲಿಲ್ವಾ" ಎಂದರು. "ಮನೇಲಿ ಮೂರು ಮಹಡಿ ಹತ್ತುವಾಗ ನಾನೂ ಇರಲ್ಲ, ಟೇಪೂ ಇರಲ್ಲ. ಹಾಡು ಇಲ್ದೇನೂ ನಡೀತಾರಾ ಅಂತ ಇವತ್ತೇ ನೋಡ್ಬೇಕಿತ್ತು. ಅವ್ರಿಗೆ ಹೇಳ್ಬೇಡಿ, ಹೆದರ್ಕೋತಾರೆ."

ಇದನ್ನು ಬರೆಯಬಹುದೇ ಎಂದು ಕೇಳಿದೆ. ಹೆಜ್ಜೆಯಕ್ಕ ಹೊಸ ರೋಗಿಯ ಸೊಂಟಕ್ಕೆ ಪಟ್ಟಿ ಬಿಗಿಯುತ್ತಿದ್ದರು, ತಲೆ ಎತ್ತಲಿಲ್ಲ.

"ಬರೀರಿ. ನಿಮ್ಮ ಪೇಪರ್ ಬರೋ ಹೊತ್ತಿಗೆ ಅವ್ರು ಮನೆ ಮೆಟ್ಟಿಲು ಹತ್ತಿರ್ತಾರೆ."